ಕ್ರಿಯಾಪದದ ಬಾಲ

ಗಂಗೋತ್ರಿಯ ಲ್ಯಾಬಿಗೆ ಬೀಗ. ನಂಜುಮಳಿಗೆಯ ಬಾಡಿಗೆ ಕೋಣೆಯಲ್ಲಿ
ಲ್ಯಾಪ್‌ಟಾಪಿನಡಿ ಸ್ಟೀಲ್ ತಟ್ಟೆ ಬೋರಲಿಟ್ಟು
ಜನರ ಮಾತು ಎಣಿಸುತ್ತೇನೆ. ಅದಕ್ಕೇ ಸಂಬಳ.
ಲಾಕ್‌ಡೌನು ಎಷ್ಟನೇ ದಿನವೋ, ಅದೊಂದು ಎಣಿಸಿಲ್ಲ.

ಮೇಡಂ ಕೊಟ್ಟ ಪಟ್ಟಿ ಸರಳ:
ದುಃಖ, ಅಳು, ಒಂಟಿ, ಸಾಕು,
ಮತ್ತೆ 'ನಾನು'.
ನೊಂದವರು ನಾನು ನಾನು ಅನ್ನುತ್ತಾರಂತೆ,
ಎಲ್ಲೋ ದೂರದೂರಲ್ಲಿ ಎಣಿಸಿ ನೋಡಿದ್ದಾರಂತೆ.

ನಮ್ಮ ಕಡೆ ಯಾರು ಹಾಗಂತಾರೆ?
ನಿದ್ದೆ ಹತ್ತಲ್ಲ. ಅನ್ನ ಸೇರಲ್ಲ. ಯಾಕೋ ಬ್ಯಾಸರ.
ನಿದ್ದೆಯದೇ ತಪ್ಪು, ಅನ್ನದ್ದೇ ತಪ್ಪು ಅನ್ನೋ ಹಾಗೆ.
ಹೇಳುವವರು ಆಗಲೇ ವಾಕ್ಯದಿಂದ ಎದ್ದು ಹೋಗಿರುತ್ತಾರೆ.
ಮೆಷಿನ್ನು ಸೊನ್ನೆ ತೋರಿಸುತ್ತದೆ.

ಮಂಡಿ ಮೊಹಲ್ಲಾದ ಸಿದ್ದಪ್ಪಾಜಿಯ ಸ್ಟೇಟಸ್ಸು
ನನ್ನ ಲೆಕ್ಕದೊಳಗಿಲ್ಲ. ಅಕ್ಕನ ಮದುವೆಗೆ
ಸ್ಯಾಕ್ಸೋಫೋನು ಊದಿದವರು, ನಂಬರು ಉಳಿದಿತ್ತು.
ಏಪ್ರಿಲ್: "ನಾವು ಹದಿನಾಲ್ಕು ಜನ, ಯೂನಿಫಾರಂ ಸಮೇತ."
ಮೇ: "ನಾವು ಐದು ಜನ. ಸಣ್ಣ ಮದುವೆಗೂ ಬರುತ್ತೇವೆ, ಮಾಸ್ಕ್ ಹಾಕಿ."
ಮಾಸ್ಕ್ ಹಾಕಿ ಊದೋದು ಹೇಗಪ್ಪಾ ಅಂತ ನಕ್ಕಿದ್ದೆ.
ಆಮೇಲೆ ಒಂದು ವಾರ ಗುಲಾಬಿ, ಚಾಮುಂಡಿ, ಶುಭೋದಯ.
ನಿನ್ನೆ ರಾತ್ರಿ ಎರಡೂ ಮುಕ್ಕಾಲಿಗೆ:
"ವಾದ್ಯ ಮಾರಾಟಕ್ಕಿದೆ. ಚೆನ್ನಾಗಿದೆ."

ಅಭ್ಯಾಸಬಲ, ಪೇಸ್ಟ್ ಮಾಡಿ ನೋಡಿದೆ.
ನೋವು: ಸೊನ್ನೆ. ವರ್ಗ: ಜಾಹೀರಾತು.
'ಚೆನ್ನಾಗಿದೆ'ಗೆ ಒಂದು ಹಸಿರು ಅಂಕ.

ಫೋನು ಮಾಡಿದೆ. ಏನಂತ ಕೇಳೋದು?
ತಿಂಡಿ ಆಯ್ತಾ ಅಂದೆ.
"ಆಯ್ತು ಕಣವ್ವ."
ಯಾವ ಆಯ್ತು ಅದು?
ತಿಂದದ್ದೋ, ಮುಗಿದದ್ದೋ,
ಹೋಗ್ಲಿ ಬಿಡು ಅನ್ನೋದೋ,
ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ.

ಆಮೇಲೆ ಮಾತಿಲ್ಲ. ಫ್ಯಾನಿನದೋ ಉಸಿರಿನದೋ ಗರಗರ.
ನನ್ನ ಕಿಟಕಿಯಾಚೆ ಆಂಬುಲೆನ್ಸೊಂದು
ದೊಡ್ಡಾಸ್ಪತ್ರೆ ಕಡೆ ಕೂಗಿಕೊಂಡು ಹೋಯಿತು.
ಸ್ವಲ್ಪ ಹೊತ್ತಿಗೆ
ಅದೇ ಕೂಗು ಫೋನಿನೊಳಗಿಂದ ಬಂತು.

"ಅಣ್ಣಾ, ಇದೀರಾ?"

ತಡವಾಗಿ, ತೀರಾ ತಡವಾಗಿ:
"ಇದೀನಿ."

ಕನ್ನಡದಲ್ಲಿ 'ನಾನು' ಅಂತ ಬಾಯಿಬಿಟ್ಟು ಹೇಳಬೇಕಿಲ್ಲ,
ಕ್ರಿಯಾಪದದ ಬಾಲದಲ್ಲಿ ಮುದುರಿ ಕೂತಿರುತ್ತೆ ನೋಡ್ರೇ ಅಂತ
ಎಂಟನೇ ಕ್ಲಾಸಲ್ಲಿ ಪುಟ್ಟತಾಯಮ್ಮ ಮಿಸ್ಸು
ಡಸ್ಟರು ಕುಟ್ಟಿ ಹೇಳಿದ್ದರು.
ಆ ಒಂದು 'ನಿ' ಜಾರದ ಹಾಗೆ
ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು
ಸ್ಕೂಟರಿನ ಕೀ ಹುಡುಕಿದೆ. ಒಂಬತ್ತಾಗಿದೆ,
ಹತ್ತರವರೆಗೆ ಪೊಲೀಸರು ಬಿಡುತ್ತಾರೆ.

"ಫೋನಿಡಬೇಡಿ ಅಣ್ಣಾ,
ವಾದ್ಯ ನೋಡಕ್ಕೆ ಬರ್ತಿದೀನಿ."