ತಳಿ ಎಂಬ ಖಾಲಿ ಜಾಗ

ನ್ಯೂ ಬೆಡ್‌ಫರ್ಡ್ ಬಂದರಿನ ಹಿಂಬೀದಿ,
ಬುಧವಾರದ ಅಗ್ಗದ ಲಸಿಕೆಯ ದಿನ.
ಬಲೆ ಹೆಣೆಯುವ ಅನ್ಸೆಲ್ಮೊ ಫುರ್ಟಾಡೊ
ಮೀನಿನ ಪೆಟ್ಟಿಗೆಯಲ್ಲೇ ಬೆಕ್ಕು ತಂದು
ನನ್ನ ಮೇಜಿನ ಮೇಲಿಟ್ಟ.

ಹೆಸರು? ಬಟಾಟ.
ವಯಸ್ಸು? ಹೆಂಡತಿ ಹೋದ ವರ್ಷ ಬಂದದ್ದು.
ತಳಿ?
ಅವನು ಬೆಕ್ಕನ್ನು ನೋಡಿದ,
ಬೆಕ್ಕು ನನ್ನನ್ನು ನೋಡಿತು.
‘ಬೆಕ್ಕು’ ಅಂದ.

ಹತ್ತರಲ್ಲಿ ಒಂಬತ್ತಕ್ಕೆ ನಾನು ಬರೆಯುವುದು ಒಂದೇ:
ಗಿಡ್ಡಗೂದಲು, ಮನೆಬೆಕ್ಕು, ಮಿಶ್ರ.
ಯಾವುದಕ್ಕೆ ಯಾವುದು ಬೆರೆತದ್ದೋ
ಕೇಳಿದವರಿಲ್ಲ.
ನದಿಯ ಮೂಲ, ಋಷಿಯ ಮೂಲದ ಜತೆಗೆ
ಇದನ್ನೂ ಸೇರಿಸಿಬಿಡಬಹುದು.

ಹಿಟ್ಟಿನ ಮೂಟೆ ಕಾಯಲು ಹಡಗು ಹತ್ತಿದ
ಯಾವಳೋ ಒಬ್ಬ ಮುತ್ತಜ್ಜಿ,
ಇಲಿಯೇ ಸಂಬಳ, ಇಲಿಯೇ ಊಟ.
ದ್ವೀಪಕ್ಕೊಬ್ಬ ಗಂಡ, ದಡಕ್ಕೊಂದು ಬಸಿರು.
ಕಪ್ತಾನ ದಿನಚರಿಯಲ್ಲಿ ಬರೆದಿಟ್ಟ:
ಎಣ್ಣೆ ಎಷ್ಟು ಪೀಪಾಯಿ, ಜ್ವರಕ್ಕೆ ಎಷ್ಟು ಜನ.
ಹಗ್ಗದ ಸುರುಳಿಯೊಳಗೆ ಅದೇ ರಾತ್ರಿ
ಕಣ್ಣು ಬಿಡದ ಐದು ಜೀವ—
ಅದರ ಸುದ್ದಿ ಯಾವ ಪುಟದಲ್ಲೂ ಇಲ್ಲ.

ಬಟಾಟನ ಮುಂಗಾಲಿಗೆ ಆರಾರು ಬೆರಳು.
ಕೈಗವಸು ತೊಟ್ಟು ಕೆಲಸಕ್ಕೆ ಹೊರಟ ಹಾಗೆ.
ಬೆನ್ನು ಕಂದುಪಟ್ಟೆ, ಗದ್ದ ಬಿಳಿ,
ಬಾಲದ ತುದಿ ಮಾತ್ರ ಯಾರಿಂದಲೋ ಕಡ ತಂದ ಕಪ್ಪು.

ಎದುರು ಕುರ್ಚಿಯಲ್ಲಿ ಥರ್ಲೋ ಮೇಡಂ.
ಮಡಿಲಲ್ಲಿ ಪರ್ಷಿಯನ್, ಚೀಲದಲ್ಲಿ ಅದರ ವಂಶವೃಕ್ಷ,
ಏಳು ತಲೆಮಾರು, ಪ್ಲಾಸ್ಟಿಕ್ ಹೊದಿಸಿ.
ಪಾಪ, ಅದಕ್ಕೆ ಉಸಿರು ಕಟ್ಟುತ್ತದೆ,
ಕಣ್ಣು ಸದಾ ಒರೆಸುತ್ತಿರಬೇಕು.
ಒರೆಸುತ್ತಾಳೆ, ಬೇಸರವಿಲ್ಲದೆ.

‘ಇವನಿಗೆ ಬಾಚಣಿಗೆ ಬೇಡ,’ ಅನ್ಸೆಲ್ಮೊ ಯಾರಿಗೋ ಹೇಳುತ್ತಾನೆ,
‘ಅಂಗೈ ಸಾಕು. ಕಾಡ್ ಮೀನಿನ ತಲೆ ತಿನ್ನುತ್ತಾನೆ,
ಸಿಹಿ ರೊಟ್ಟಿಯ ಪುಡಿಯನ್ನೂ.
ದೋಣಿ ಮಾರಿ ಮೂರು ವರ್ಷವಾಯಿತು,
ಆದರೂ ಬೆಳಗಿನ ನಾಲ್ಕಕ್ಕೆ
ಎದೆಯ ಮೇಲೆ ಕೂತು ಎಬ್ಬಿಸುತ್ತಾನೆ.
ಏಳುತ್ತೇನೆ. ಇಬ್ಬರೂ ಕಿಟಕಿಯಲ್ಲಿ ಕೂರುತ್ತೇವೆ.
ಅಷ್ಟೇ.’

ನನ್ನ ಅಜ್ಜಿ ಕೇಪ್ ವರ್ಡಿಯ ಉಪ್ಪಿನ ದೋಣಿಯಲ್ಲಿ ಬಂದವಳು.
ಅಪ್ಪನ ಕಡೆಯದು ಅಮ್ಮ ಹೇಳಲಿಲ್ಲ.
ಜನಗಣತಿಯ ಹಾಳೆಯಲ್ಲಿ ನನಗೂ ಒಂದು ಚೌಕವಿದೆ,
ಪ್ರತಿ ಸಲ ಪೆನ್ನು ಅಲ್ಲಿ ಸ್ವಲ್ಪ ತಡೆಯುತ್ತದೆ.

ಸೂಜಿ ಚುಚ್ಚಿದಾಗ ಬಟಾಟ ಕೂಗಲಿಲ್ಲ.
ಕೂಗಿದ್ದು ಅನ್ಸೆಲ್ಮೊ.
ಹನ್ನೆರಡು ಡಾಲರು, ಚಿಲ್ಲರೆ ಎಣಿಸಿ ಕೊಟ್ಟ,
ಎರಡು ನಾಣ್ಯಕ್ಕೆ ಮೀನಿನ ಹುರುಪೆ ಅಂಟಿತ್ತು.

ಬಾಗಿಲ ಗಂಟೆ. ಇನ್ನೊಂದು ಪೆಟ್ಟಿಗೆ,
ಬೂಟಿನದು ಈ ಸಲ, ತೂತು ಕೊರೆದದ್ದು.
ತಂದ ಹುಡುಗಿಯ ಹಲ್ಲು ಈಗಷ್ಟೇ ಬಿದ್ದಿದೆ.
‘ಹೆಸರು ಇನ್ನೂ ಇಟ್ಟಿಲ್ಲ,’ ಅಂದಳು,
‘ಆದರೆ ಇದು ನಮ್ಮದು.’