ಹನ್ನೊಂದು ತಿಂಗಳ ವರ್ಷ

ಕರಾರುಪತ್ರದ ಊರಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು.
ಹನ್ನೆರಡನೆಯದು ಎಲ್ಲಿ ಹೋಯಿತೆಂದು ಕೇಳಲು
ಅಂಕೋಲೆಯಿಂದ ಮೊದಲ ಬಸ್ಸು ಹತ್ತಿದ್ದೇನೆ.
ತೊಡೆಯ ಮೇಲೆ ಚೀಲ, ಚೀಲದಲ್ಲಿ
ಗಜಾನನ ಕುರ್ಡೇಕರನ ಬಿಲ್ಲು,
ನಾಲ್ಕು ಮಡಿಕೆಯೊಳಗೆ ಅವನ ಗುಂಡನೆಯ ಅಕ್ಷರ:

ಕರಾರು ಹೊಸತು ಮಾಡಿಸಿದ್ದಕ್ಕೆ ನಾಲ್ಕೂವರೆ ಸಾವಿರ.
ಛಾಪಾ ಕಾಗದ, ನೋಟರಿ, ಆರುನೂರೈವತ್ತು.
ಬೀಗದ ಕೊಂಡಿ, ಎಣ್ಣೆ, ನೂರಾ ಎಂಬತ್ತು.
ಮೇಲುಸ್ತುವಾರಿ, ಒಂದು ಸಾವಿರ.

ಕೊಂಡಿಗೆ ನನ್ನ ತಕರಾರಿಲ್ಲ. ಕಾರವಾರದ ಗಾಳಿ
ಕಬ್ಬಿಣವನ್ನು ಹಪ್ಪಳದ ಹಾಗೆ ಮುರಿದು ತಿನ್ನುತ್ತದೆ, ಗೊತ್ತು.
ಆದರೆ ಅದೇ ಮನೆ, ಅದೇ ನೌಕಾಪಡೆಯ ಹುಡುಗ,
ಅದೇ ಒಂಬತ್ತು ಸಾವಿರ ಬಾಡಿಗೆ.
ಕಾಗದದಲ್ಲಿ ಬದಲಾದದ್ದು ಇಸವಿಯ ಕೊನೆಯ ಅಂಕಿ.
ಒಂದು ಅಂಕಿ ತಿದ್ದಲು ನಾಲ್ಕೂವರೆ ಸಾವಿರವೇ?
ಮೇಲಾಗಿ ಮೇಲುಸ್ತುವಾರಿ! ಇವನು ಕಣ್ಣು ಮುಚ್ಚಿದರೆ
ಹಬ್ಬುವಾಡದ ಮನೆ ಎದ್ದು ಗೋವೆಗೆ ಹೋಗುತ್ತಿತ್ತೆ?

ಬಿಣಗಾ ದಾಟುವಷ್ಟರಲ್ಲಿ ಮಾತು ಪೂರಾ ಬಾಯಿಪಾಠ.

ಕೋರ್ಟಿನ ಎದುರು ಅವನ ಅಂಗಡಿ. ಒಂದು ಝೆರಾಕ್ಸ್ ಯಂತ್ರ,
ಎರಡು ಪ್ಲಾಸ್ಟಿಕ್ ಕುರ್ಚಿ, ಮೊಳೆಗಳಿಗೆ ನೇತುಬಿದ್ದ ಕೀಲಿಕೈಗಳು,
ಒಂದೊಂದಕ್ಕೂ ರಟ್ಟಿನ ಚೀಟಿ.
ನನ್ನದರ ಮೇಲೆ, 'ಸಿಸ್ಟರ್‌ಬಾಯಿ, ಮೇಲಿಂದು.'
"ಬನ್ನಿ ಬಾಯಿ, ಚಾ ಹೇಳ್ತೆ," ಅಂದ.
"ಚಾ ಬಿಲ್ಲಿಗೆ ಸೇರ್ತದಾ?" ಅಂದೆ.
ಅವನು ನಗಲಿಲ್ಲ. ನಾನೂ.

"ಅವ ಬಿಟ್ಟು ಹೋಗಿದ್ರೆ ಎರಡು ತಿಂಗಳು ಖಾಲಿ. ಲೆಕ್ಕ ಹಾಕಿ."
"ಇರ್ತೇನೆ ಅಂತ ಅವನೇ ಫೋನ್ ಮಾಡಿದ."
"ಮಾಡು ಅಂತ ಅವನಿಗೆ ಹೇಳಿದ್ದು ಯಾರು?"

ಯಂತ್ರ ಯಾರದೋ ಆಧಾರ್ ಕಾರ್ಡನ್ನು ಮತ್ತೆ ಮತ್ತೆ ಉಗುಳಿತು.
ಗಜಾನನ ಡ್ರಾಯರಿಂದ ವಹಿ ತೆಗೆದ.
ಬಿಲ್ಲಿಗೂ ಮುಂಚಿನದು, ಕಚ್ಚಾ.
ಟಾಂಕಿ ತುಂಬಿ ಹರಿದದ್ದು, ಎರಡು ಸಲ.
ಮೀಟರ್ ಪೆಟ್ಟಿಗೆಯಲ್ಲಿ ಕೇರೆಹಾವು.
ಜೂನ್ ಹದಿನಾಲ್ಕು, ರಾತ್ರಿ ಒಂದೂವರೆ, ಆಟೋ ನೂರೈವತ್ತು.
ಈ ಸಾಲಿನ ಮೇಲೆ ಗೆರೆ,
ಅಳತೆಪಟ್ಟಿ ಇಟ್ಟು ಹೊಡೆದ ನೆಟ್ಟನೆಯ ಗೆರೆ.

"ಇದೇನು?"
"ಬಿಡಿ, ಅದು ಹೊಡೆದು ಹಾಕಿದ್ದು."
"ಏನಂತ ಕೇಳಿದೆ."
"ಗಂಡ ಹಡಗಿನಲ್ಲಿ. ಆ ಸಸ್ಮಿತಾಗೆ ನೋವು ಶುರುವಾಯ್ತು.
ಒಡಿಯಾ ಬಿಟ್ಟರೆ ಮಾತು ಬರೂದಿಲ್ಲ.
ಗೋಡೆ ಮೇಲೆ ಇದ್ದದ್ದು ನನ್ನ ನಂಬರ್ ಒಂದೇ.
ಹೆಣ್ಣು ಮಗು."

ಮೂವತ್ತೊಂದು ವರ್ಷ ಹೆರಿಗೆ ವಾರ್ಡು ನನ್ನದು.
ಬಾಗಿಲ ಹೊರಗೆ ಕಾದವರಿಗೆ ಸುದ್ದಿ ಹೇಳಿ
ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಲ್ಲುವುದು
ನನಗೂ ಬರುತ್ತಿತ್ತು.
ಗಂಡಾದರೆ ನೂರು, ಹೆಣ್ಣಾದರೆ ಐವತ್ತು.
ಅದಕ್ಕೆ ಬಿಲ್ಲಿರಲಿಲ್ಲ. ಖುಷಿ ಅನ್ನುತ್ತಿದ್ದೆವು.
ಆ ಮನೆಯ ಗಿಲಾವಿನಲ್ಲಿ ಎಷ್ಟು ಜನರ ಖುಷಿ ಸೇರಿದೆಯೋ,
ವಹಿ ಇಟ್ಟವರಿಲ್ಲ,
ಗೆರೆ ಹೊಡೆದವರೂ ಇಲ್ಲ.

ಹಾಗಂತ ನಾಲ್ಕೂವರೆ ಸಾವಿರ ನ್ಯಾಯವಾಗಿಬಿಡುವುದಿಲ್ಲ.
"ಹೊಡೆದು ಹಾಕಿದ್ದನ್ನು ತೋರಿಸಿ
ಹಾಕದ್ದನ್ನು ವಸೂಲು ಮಾಡ್ತೀಯಲ್ಲ, ಇದು ಸರಿಯಲ್ಲ ಗಜಾನನ."
"ನಾ ತೋರಿಸಲಿಲ್ಲ ಬಾಯಿ, ನೀವು ಓದಿದಿರಿ."

ಚಾ ಬಂತು. ತಣಿಯಿತು.
ಅವನು ನಾಲ್ಕಕ್ಕೆ ಇಳಿದ, ನಾನು ಮೂರಕ್ಕೆ ಏರಿದೆ,
ನಡುವಿನ ಸಾವಿರಕ್ಕೆ ಇಬ್ಬರೂ ಕೈ ಹಾಕಲಿಲ್ಲ.
ಕೊಂಡಿ, ನೋಟರಿ, ಅದೆಲ್ಲ ಸೇರಿಸಿ ಎಣಿಸಿ ಇಟ್ಟೆ.
ಮೇಲುಸ್ತುವಾರಿಯ ಮಾತು ಅವನೂ ಎತ್ತಲಿಲ್ಲ,
ನಾನೂ ನೆನಪಿಸಲಿಲ್ಲ.
"ಉಳಿದದ್ದು ಯಾವಾಗ?"
"ಹನ್ನೆರಡನೇ ತಿಂಗಳಲ್ಲಿ," ಅಂದೆ.
ಆಗ ನಕ್ಕ, ಒಂದೇ ಬದಿಯ ತುಟಿಯಲ್ಲಿ.

ಸ್ಟ್ಯಾಂಡಿನಲ್ಲಿ ಅಂಕೋಲೆಯ ಬಸ್ಸು ಬಾಗಿಲು ತೆರೆದು ನಿಂತಿತ್ತು.
ಕಂಡಕ್ಟರ್ ಎರಡು ಸಲ ಕೂಗಿದ.
ನಾನು ರಸ್ತೆ ದಾಟಿ ಆಟೋದವನನ್ನು ಕೇಳಿದೆ,
"ಹಬ್ಬುವಾಡಕ್ಕೆ ಎಷ್ಟು?"
ಎಂಬತ್ತು ಅಂದ.
ಅರವತ್ತು ಅಂದೆ.