ಪೆನ್ಸಿಲಿನ ದಪ್ಪ

ಫರ್ಗಾನಾ ಕಣಿವೆಯ ತುದಿಗೆ, ಕಾಲುವೆಯ ತೂಬಿನ ಪಕ್ಕ
ಎರಡು ನಕ್ಷೆ ಹಾಸಿ ಕೂತಿದ್ದೇವೆ.
ಒಂದು ಇಪ್ಪತ್ತನಾಲ್ಕರದು, ಒಂದು ಐವತ್ತೆಂಟರದು.
ಎರಡಕ್ಕೂ ಬಿದ್ದಿರುವ ಮೊಹರು
ಈಗಿಲ್ಲದ ಒಂದೇ ದೇಶದ್ದು.

ಗಾಳಿಗೆ ಹಾರದಿರಲೆಂದು ಮೂಲೆಗಿಟ್ಟದ್ದು
ಒಂದು ಹಿಡಿ ಜರ್ದಾಲು ಬೀಜ, ನನ್ನ ಕನ್ನಡಕ,
ಆ ಕಡೆಯ ಸರ್ವೆಯವನ ಚಹಾದ ಬಟ್ಟಲು.
ಅವನು ಹುಶ್ನೂದ್. ನಾನು ಎಸೆನ್‌ಕುಲ್.
ತಾಷ್ಕೆಂಟಿನಲ್ಲಿ ಒಬ್ಬರೇ ಮೇಷ್ಟ್ರ ಹತ್ತಿರ ಬೈಸಿಕೊಂಡವರು:
“ಪೆನ್ಸಿಲು ಚೂಪಾಗಿರಲಿ, ಕತ್ತೆಗಳೇ!”

ಬೈದದ್ದು ಯಾಕೆಂದು ಈಗ ತಿಳಿಯುತ್ತದೆ.
ಈ ಗೆರೆಯ ದಪ್ಪ ಅರ್ಧ ಮಿಲಿಮೀಟರು,
ನೆಲಕ್ಕಿಳಿದರೆ ಐವತ್ತು ಮೀಟರು.
ಅದರೊಳಗೆ ಮುದುಕಿ ಸಬೋಹತಳ ಅಡುಗೆಮನೆ,
ಅವಳ ಕೋಳಿಗೂಡು, ಹದಿನೇಳು ಜರ್ದಾಲು ಮರ,
ಬಸ್ಸೇ ಬಾರದ ಒಂದು ಬಸ್ ನಿಲ್ದಾಣ,
ಮತ್ತು ಈ ತೂಬು.

ನಡುವೆ ಸಮುದ್ರವಿದ್ದರೆ ಜಗಳಕ್ಕೂ ಹಡಗು ಬೇಕು.
ಇಲ್ಲಿ ಅದು ಬರಿಗಾಲಲ್ಲಿ ದಾಟುತ್ತದೆ.
(ಮದುವೆಗಳೂ ಹಾಗೆಯೇ ದಾಟಿದ್ದವು;
ನನ್ನ ಚಿಕ್ಕಮ್ಮ ಒಂದು ಹಾರಿಗೆ ಸೊಸೆಯಾದವಳು.)

ಯಾರೋ ತೂಬಿನ ಕಂಬಕ್ಕೆ ಕ್ಯಾಮೆರಾ ಕಟ್ಟಿದರು.
ಯಾರೋ ಕಲ್ಲು ಬೀಸಿದರು.
ಕಲ್ಲಿಗೆ ಸಲಿಕೆ ಬಂತು, ಸಲಿಕೆಗೆ ಬೇಟೆಯ ಕೋವಿ,
ಕೋವಿಗೆ ಲಾರಿ ತುಂಬ ಸಮವಸ್ತ್ರ.
ಬದುವಿನ ಜಗಳ
ಬಾವುಟ ಸಿಕ್ಕಿದ ಕೂಡಲೆ ಯುದ್ಧವೆನ್ನಿಸಿಕೊಂಡಿತು.
ಈ ನೀರು ಕುಡಿದೇ ಇರದ ಎರಡು ರಾಜಧಾನಿಗಳು
“ಒಂದಿಂಚೂ ಬಿಡೆವು” ಎಂದವು.
ಇಂಚಂತೆ!
ನಮ್ಮ ಗೆರೆಯೇ ಸುಮಾರು ಎರಡು ಸಾವಿರ ಇಂಚು.

ಹುಶ್ನೂದನ ಸೋದರಮಾವ ಸತ್ತದ್ದು ಆ ಗುರುವಾರ.
ನಮ್ಮ ಶಾಲೆ ಸುಟ್ಟದ್ದು ಶುಕ್ರವಾರ.
ಆ ಮಾತು ನಾವು ಎತ್ತುವುದಿಲ್ಲ.
ಅವನು ಅಕ್ಷಾಂಶ ಓದುತ್ತಾನೆ, ನಾನು ಬರೆದುಕೊಳ್ಳುತ್ತೇನೆ.

ಇವತ್ತು ಬಸ್ ನಿಲ್ದಾಣ ಇತ್ಯರ್ಥವಾಯಿತು:
ಬೆಂಚು ನಮಗೆ, ಬೆಂಚಿನ ನೆರಳು ಅವರಿಗೆ,
ಮಧ್ಯಾಹ್ನದ ನಂತರ.
ನಗಬಾರದಿತ್ತು. ನಕ್ಕುಬಿಟ್ಟೆವು.
ಕಾವಲಿನ ಹುಡುಗರು ಎರಡೂ ಕಡೆಯಿಂದ ತಿರುಗಿ ನೋಡಿದರು.

ತೂಬಿನ ಚಕ್ರಕ್ಕೆ ಮಾತ್ರ ಎರಡು ಬೀಗ.
ಕೆಳಗಿನ ಮರಗಳಲ್ಲಿ ಎಲೆ ಮುದುಡುತ್ತಿದೆ,
ಯಾವ ದೇಶದ ಎಲೆಯೋ, ಇನ್ನೂ ಗೊತ್ತಾಗಿಲ್ಲ.

ಗೋಡೆಯಾಚೆಯಿಂದ ಸಬೋಹತ್ ಕೂಗುತ್ತಾಳೆ:
“ಎಲ್ಲಿ ಬೇಕಾದರೂ ಎಳೆಯಿರಪ್ಪ,
ತಂದೂರಿನ ಬಾಯಿ ಒಂದು ಬಿಡಿ.
ಹಿಟ್ಟು ಉಬ್ಬಿ ಬಂದಿದೆ.”

ಹುಶ್ನೂದ್ ಚಾಕು ತೆಗೆದು
ಪೆನ್ಸಿಲು ಹೆರೆಯತೊಡಗುತ್ತಾನೆ.
ಚೂಪಾದಷ್ಟೂ ಮುರಿಯುತ್ತದೆ ಮೊನೆ.
ಇನ್ನೊಮ್ಮೆ ಹೆರೆಯುತ್ತಾನೆ.